ಸರ್ಕಾರಕ್ಕೆ ಕಾಣುವ ದೋಣಿ ಹಡಗಿಗೆ ಯಾಕೆ ಕಾಣಲ್ಲ?

2021ರ ಏಪ್ರಿಲ್ 13, ನಸುಕಿನ ಹೊತ್ತು. ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 43 ನಾಟಿಕಲ್ ಮೈಲು ದೂರದ ಸಮುದ್ರ. ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕಾ ಬೋಟಿಗೂ ಸಿಂಗಾಪುರ ಧ್ವಜದ 'ಎಪಿಎಲ್ ಲೆ ಹಾವ್ರ್' ಎಂಬ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಜನ. ಜೀವಂತವಾಗಿ ಸಿಕ್ಕಿದ್ದು ಇಬ್ಬರು. ತಮಿಳುನಾಡಿನಿಂದ, ಪಶ್ಚಿಮ ಬಂಗಾಳದಿಂದ ದುಡಿಯೋಕೆ ಬಂದವರು ಅದರಲ್ಲಿದ್ದರು. ಎರಡು ದಿನ ಟಿವಿಯಲ್ಲಿ ಸುದ್ದಿ ಬಂತು. ಆಮೇಲೆ ಕೋವಿಡ್‌ನ ಎರಡನೇ ಅಲೆ ಎಲ್ಲವನ್ನೂ ನುಂಗಿ ಹಾಕಿತು.

ಆಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಒಂದೇ. ನಾವು ಆರ್ಡರ್ ಮಾಡಿದ ಬಿರಿಯಾನಿ ಯಾವ ಸಿಗ್ನಲ್‌ನಲ್ಲಿ ನಿಂತಿದೆ ಅಂತ ಫೋನ್ ತೋರಿಸುತ್ತೆ. ಅಂಥ ಕಾಲದಲ್ಲಿ 14 ಜನರಿದ್ದ ಬೋಟು, ರಾಡಾರ್ ಇರುವ ಹಡಗಿನ ಎದುರಿಗೇ ಹೇಗೆ ಕಾಣದೆ ಹೋಗುತ್ತೆ?

ಸುಲಭದ ಉತ್ತರಗಳು ಎರಡಿವೆ. "ಹಡಗಿನವರು ಮಲಗಿದ್ದರು" ಅನ್ನೋದು ಒಂದು. "ಬೋಟಿನವರು ಲೈಟ್ ಹಾಕಿರಲಿಲ್ಲ" ಅನ್ನೋದು ಇನ್ನೊಂದು. ಕೆಲವೊಮ್ಮೆ ಎರಡೂ ನಿಜವಿರಬಹುದು. ಆದರೆ ಯಾರೂ ಮಲಗದೆ, ಲೈಟೂ ಉರಿಯುತ್ತಿರುವಾಗಲೇ ಸಣ್ಣ ದೋಣಿ ಮಾಯವಾಗಬಲ್ಲದು. ಅದು ಹೇಗೆ ಅಂತ ಅರ್ಥವಾದರೆ, ನಮ್ಮ ಸರ್ಕಾರಗಳು ಕೋಟಿಗಟ್ಟಲೆ ಖರ್ಚು ಮಾಡಿಯೂ ಎಲ್ಲಿ ಎಡವುತ್ತಿವೆ ಅನ್ನೋದೂ ಅರ್ಥವಾಗುತ್ತೆ.

ಬ್ರಿಡ್ಜ್ ಮೇಲೆ ನಿಂತು ನೋಡಿ

ಹಡಗು ನಡೆಸುವ ಕೋಣೆಗೆ ಬ್ರಿಡ್ಜ್ ಅನ್ನುತ್ತಾರೆ. ಬಹುಪಾಲು ಕಂಟೇನರ್ ಹಡಗುಗಳಲ್ಲಿ ಅದು ಹಿಂದುಗಡೆ, ಬಹುಮಹಡಿ ಕಟ್ಟಡದಷ್ಟು ಎತ್ತರದಲ್ಲಿರುತ್ತೆ. ಅದರ ಮುಂದೆ ಸಾಲುಸಾಲು ಕಂಟೇನರ್‌ಗಳು. ಹೀಗಾಗಿ ಹಡಗಿನ ಮೂತಿಯ ಮುಂದಿನ ನೀರು ಅಲ್ಲಿಂದ ಕಾಣೋದೇ ಇಲ್ಲ. ಈ ಕುರುಡು ಜಾಗ ಎಷ್ಟಿರಬಹುದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ: ಹಡಗಿನ ಉದ್ದದ ಎರಡರಷ್ಟು ಅಥವಾ 500 ಮೀಟರ್, ಯಾವುದು ಕಡಿಮೆಯೋ ಅದು. ಅಂದರೆ ದೊಡ್ಡ ಹಡಗೊಂದು ತನ್ನ ಮುಂದಿನ ಅರ್ಧ ಕಿಲೋಮೀಟರ್ ಕಾಣದೆ ಸಾಗಿದರೂ ಅದು ಕಾನೂನುಬದ್ಧ. 20 ನಾಟ್, ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಹೋಗುವ ಹಡಗು ಆ 500 ಮೀಟರನ್ನು 50 ಸೆಕೆಂಡಿನೊಳಗೆ ದಾಟುತ್ತೆ.

ಇನ್ನು ಲೈಟಿನ ಲೆಕ್ಕ. 12 ಮೀಟರಿಗಿಂತ ಚಿಕ್ಕ ದೋಣಿಯ ಪಕ್ಕದ ಕೆಂಪು-ಹಸಿರು ದೀಪಗಳು 1 ನಾಟಿಕಲ್ ಮೈಲು ದೂರಕ್ಕೆ ಕಂಡರೆ ಸಾಕು ಅನ್ನುತ್ತೆ ನಿಯಮ. ಸುತ್ತಲೂ ಕಾಣುವ ದೀಪಕ್ಕೆ 2 ಮೈಲು. 20 ನಾಟ್ ಹಡಗಿಗೆ 2 ಮೈಲು ಅಂದರೆ 6 ನಿಮಿಷ. ಅಷ್ಟರಲ್ಲಿ ಕಾವಲಿನವನಿಗೆ ದೀಪ ಕಾಣಬೇಕು, ಅದು ಏನು ಅಂತ ತಿಳಿಯಬೇಕು, ಯಾವ ಕಡೆ ಸಾಗುತ್ತಿದೆ ಅಂತ ಅಂದಾಜು ಸಿಗಬೇಕು, ಅಧಿಕಾರಿ ನಿರ್ಧಾರ ಮಾಡಬೇಕು, ಸಾವಿರಾರು ಟನ್ನಿನ ಹಡಗು ತಿರುಗಬೇಕು. ಬಸ್ಸಿನ ಹಾಗೆ ಬ್ರೇಕ್ ಹಾಕಿ ನಿಲ್ಲಿಸೋ ವಾಹನ ಅಲ್ಲ ಅದು. ಅದೂ ದೀಪ ಹೊಸದಾಗಿ, ಸ್ವಚ್ಛವಾಗಿ, ಅಲೆಗಳ ಮೇಲೆ ನೆಟ್ಟಗೆ ನಿಂತಿದ್ದರೆ ಮಾತ್ರ ಈ ಲೆಕ್ಕ. ಉಪ್ಪು ಕಟ್ಟಿದ ಗಾಜಿನ ಹಿಂದಿರುವ, ದೋಣಿಯ ಜೊತೆ ಓಲಾಡುವ ದೀಪಕ್ಕೆ 6 ನಿಮಿಷ 3 ನಿಮಿಷವಾಗೋದಕ್ಕೆ ಹೆಚ್ಚೇನೂ ಬೇಕಿಲ್ಲ.

ಇದರ ಉಲ್ಟಾ ಸಮಸ್ಯೆಯೂ ಇದೆ. ರಾತ್ರಿ ಬಲೆ ಎಳೆಯುವಾಗ ಬೋಟಿನ ಡೆಕ್ಕಿನಲ್ಲಿ ಕಣ್ಣು ಕೋರೈಸುವ ಬಿಳಿ ದೀಪ ಉರಿಯುತ್ತೆ. ದೂರದಿಂದ ಹಡಗಿಗೆ ಒಂದು ಬೆಳಕಿನ ಮುದ್ದೆ ಕಾಣುತ್ತೆ ನಿಜ. ಆದರೆ ಆ ಬೆಳಕಿನಲ್ಲಿ ಕೆಂಪು-ಹಸಿರು ದೀಪಗಳು ಮುಳುಗಿ ಹೋಗುತ್ತವೆ. ಅಲ್ಲೇನೋ ಇದೆ ಅಂತ ಗೊತ್ತಾಗುತ್ತೆ. ಅದರ ಮುಖ ಯಾವ ಕಡೆ, ಬಲೆ ಯಾವ ಕಡೆ ಅಂತ ಗೊತ್ತಾಗಲ್ಲ.

ಮೂವರು ಬ್ರಿಟಿಷರ ಸಾವು ಕಲಿಸಿದ ಪಾಠ

"ನಮ್ಮ ಮೀನುಗಾರರಿಗೆ ತಿಳಿವಳಿಕೆ ಕಡಿಮೆ, ಅದಕ್ಕೇ ಹೀಗಾಗುತ್ತೆ" ಅನ್ನೋ ಮಾತನ್ನು ಎಸಿ ರೂಮಿನ ಸಭೆಗಳಲ್ಲಿ ಕೇಳಿದ್ದೇನೆ. ಅಂಥವರಿಗಾಗಿ ಈ ಕತೆ.

2006ರ ಆಗಸ್ಟ್ 20ರ ರಾತ್ರಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ 'ಊಝೋ' ಎಂಬ 25 ಅಡಿಯ ಹಾಯಿದೋಣಿ ಹೊರಟಿತ್ತು. ಅದರಲ್ಲಿದ್ದ ಮೂವರಿಗೂ ಲೈಫ್‌ಜಾಕೆಟ್ ಇತ್ತು, ದೋಣಿಗೆ ದೀಪಗಳಿದ್ದವು, ರಾಡಾರ್ ಪ್ರತಿಫಲಕವೂ ಇತ್ತು. 'ಪ್ರೈಡ್ ಆಫ್ ಬಿಲ್ಬಾವೊ' ಎಂಬ ದೊಡ್ಡ ಪ್ರಯಾಣಿಕ ಹಡಗು ಅದೇ ದಾರಿಯಲ್ಲಿ ಬಂತು. ಬ್ರಿಡ್ಜ್‌ನಲ್ಲಿ ಕಾವಲಿನವನು ಎಚ್ಚರವಾಗೇ ಇದ್ದ. ಆದರೆ ದೋಣಿಯ ದೀಪ ಅವನಿಗೆ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಅಧಿಕಾರಿ ಹಡಗನ್ನು ತಿರುಗಿಸಿದ, ದೋಣಿ ಪಾರಾಯಿತು ಅಂದುಕೊಂಡು ಮುಂದೆ ಸಾಗಿದ. ಮೂವರೂ ಸತ್ತರು. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ ಪ್ರಕಾರ ದೋಣಿಗೆ ಹಡಗು ಬಡಿದಿರಬೇಕು, ಇಲ್ಲವೇ ಹಡಗು ಎಬ್ಬಿಸಿದ ಅಲೆಗೆ ಅದು ಮುಳುಗಿರಬೇಕು.

ಆ ತನಿಖೆ ಅಪರಾಧಿ ಯಾರು ಅಂತ ಹುಡುಕಿ ಅಲ್ಲಿಗೇ ನಿಲ್ಲಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ರಾಡಾರ್ ಪ್ರತಿಫಲಕಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿತು. ಜನ ನಂಬಿಕೊಂಡು ಕಟ್ಟಿಕೊಳ್ಳುತ್ತಿದ್ದ ಸಣ್ಣ ಕೊಳವೆಯಾಕಾರದ ಪ್ರತಿಫಲಕ ಬಳಸಲೇಬೇಡಿ ಅನ್ನುವಷ್ಟು ಕಳಪೆ ಅಂತ ಸಾಬೀತಾಯಿತು. ಕಾವಲಿನವನ ಕನ್ನಡಕದ ಗಾಜು ಕತ್ತಲಲ್ಲಿ ಎಷ್ಟು ಬೆಳಕನ್ನು ತಡೆಯುತ್ತೆ ಅಂತಲೂ ನೋಡಿದರು. ವರದಿಯನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಿದರು. ಸಾವಿನಿಂದ ಪಾಠ ಕಲಿಯೋದು ಅಂದರೆ ಇದು.

ಇಂಜಿನಿಯರಿಂಗ್‌ನಲ್ಲಿ ಓದಿ ಮರೆತಿದ್ದು

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ರಾಡಾರ್ ಸಮೀಕರಣವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ಬರೆದು, ಮರೆತವನು. ಅದು ಜೀವ-ಸಾವಿನ ಲೆಕ್ಕ ಅಂತ ನಮಗೆ ಯಾರೂ ಹೇಳಿರಲಿಲ್ಲ.

ರಾಡಾರ್ ರೇಡಿಯೋ ಅಲೆ ಕಳಿಸುತ್ತೆ, ಬಡಿದು ವಾಪಸ್ ಬಂದದ್ದನ್ನು ಚುಕ್ಕಿಯಾಗಿ ತೋರಿಸುತ್ತೆ. ಕಬ್ಬಿಣದ ಹಡಗಿಗೆ ಬಡಿದರೆ ಜೋರಾಗಿ ವಾಪಸ್ ಬರುತ್ತೆ. ಮರ ಅಥವಾ ಫೈಬರ್ ದೋಣಿಗೆ ಬಡಿದರೆ ಹೆಚ್ಚಿನ ಪಾಲು ಒಳಹೊಕ್ಕು ಆಚೆ ಹೋಗಿಬಿಡುತ್ತೆ. ನಮ್ಮ ಕರಾವಳಿಯಲ್ಲಿ ಬೋಟುಗಳೆಲ್ಲ ಕಬ್ಬಿಣದವಲ್ಲ. ಮರದವೂ ಇವೆ, ಫೈಬರಿನವೂ ಇವೆ. ನಾಡದೋಣಿಗಳ ಕತೆಯಂತೂ ಕೇಳಲೇಬೇಡಿ.

ಇದಕ್ಕೆ ಪರಿಹಾರ ಆಶ್ಚರ್ಯವಾಗುವಷ್ಟು ಸರಳ. ಮೂರು ಲೋಹದ ತಗಡುಗಳನ್ನು ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯ ಹಾಗೆ ಜೋಡಿಸಿ. ಯಾವ ದಿಕ್ಕಿನಿಂದ ಬಂದ ಅಲೆಯೂ ಆ ಮೂಲೆಯಲ್ಲಿ ಮೂರು ಸಲ ಪುಟಿದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರ್‌ನ ತತ್ವವೂ ಇದೇ. ಇಂಥ ಎಂಟು ಮೂಲೆಗಳನ್ನು ಸೇರಿಸಿದರೆ ಹಾಯಿದೋಣಿಯವರು ಕಂಬಕ್ಕೆ ಕಟ್ಟುವ ಪ್ರತಿಫಲಕ ತಯಾರು. ಅದನ್ನು ಒಂದು ಮೂಲೆ ಆಕಾಶಕ್ಕೆ ಬಾಯಿ ತೆರೆದು ಮಳೆನೀರು ಹಿಡಿಯುವ ಹಾಗೆ ಕಟ್ಟಬೇಕು. ತಗಡು ಬಾಗಿದ್ದರೆ, ಕೋನ ತಪ್ಪಿದ್ದರೆ ಕೆಲಸ ಕೆಡುತ್ತೆ.

ಅಳತೆಯ ವಿಚಾರ ಇನ್ನೂ ಮುಖ್ಯ. ಮೂಲೆಯ ಅಂಚನ್ನು ದುಪ್ಪಟ್ಟು ಮಾಡಿದರೆ ಪ್ರತಿಧ್ವನಿ ದುಪ್ಪಟ್ಟಾಗಲ್ಲ, 16 ಪಟ್ಟಾಗುತ್ತೆ. ಲೆಕ್ಕ ಹಾಕಿ ನೋಡಿದೆ: 3 ಸೆಂ.ಮೀ. ಅಲೆಯ ಸಾಮಾನ್ಯ ಹಡಗು ರಾಡಾರಿಗೆ 15 ಸೆಂ.ಮೀ. ಅಂಚಿನ ಮೂಲೆ ಹೆಚ್ಚೆಂದರೆ 2 ಚದರ ಮೀಟರ್ ಗುರಿಯಷ್ಟು ಕಾಣುತ್ತೆ. 30 ಸೆಂ.ಮೀ. ಅಂಚಿನದು 30 ಚದರ ಮೀಟರಿಗೂ ಹೆಚ್ಚು. ಇದು ಕಾಗದದ ಮೇಲಿನ ಗರಿಷ್ಠ, ಅಲೆಯ ಮೇಲೆ ಓಲಾಡುವಾಗ ಕಡಿಮೆಯಾಗುತ್ತೆ. ಹೋಲಿಕೆಗೆ, ಈ ರಾಡಾರಿನಲ್ಲಿ ಕನಿಷ್ಠ 7.5 ಚದರ ಮೀಟರ್ ಬೇಕು ಅನ್ನುತ್ತೆ ಅಂತಾರಾಷ್ಟ್ರೀಯ ಮಾನದಂಡ. ಅಂದರೆ "ಏನೋ ಒಂದು ಕಟ್ಟಿದೀವಿ" ಅನ್ನೋದಕ್ಕೂ ನಿಜವಾಗಿ ಕಾಣೋದಕ್ಕೂ ನಡುವೆ ಇರೋದು ಒಂದು ಗೇಣಿನಷ್ಟು ತಗಡು.

ಇಷ್ಟಾದರೂ ಖಾತ್ರಿಯಿಲ್ಲ. ಗಾಳಿ ಎದ್ದಾಗ ಅಲೆಗಳೇ ರಾಡಾರ್ ಪರದೆ ತುಂಬಾ ಚುಕ್ಕಿ ಎಬ್ಬಿಸುತ್ತವೆ. ಆ ಗದ್ದಲ ತೆಗೆಯೋಕೆ ಅಧಿಕಾರಿ ಫಿಲ್ಟರ್ ಹೆಚ್ಚಿಸಿದರೆ ಅಲೆಗಳ ಜೊತೆ ಸಣ್ಣ ದೋಣಿಯೂ ಅಳಿಸಿಹೋಗುತ್ತೆ. ಯಂತ್ರ ಕೆಟ್ಟಿಲ್ಲ, ಮನುಷ್ಯ ಮಲಗಿಲ್ಲ. ದೋಣಿ ಮಾತ್ರ ಇಲ್ಲ.

ಯಾರಿಗೆ ಕಾಣಬೇಕು?

ಅದಕ್ಕೇ ಎಐಎಸ್ ಬಂತು. ಹಡಗು ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ವಿಎಚ್ಎಫ್ ರೇಡಿಯೋದಲ್ಲಿ ತಾನೇ ಕೂಗಿ ಹೇಳುತ್ತಾ ಹೋಗುವ ವ್ಯವಸ್ಥೆ ಇದು. 300 ಟನ್ನಿಗಿಂತ ದೊಡ್ಡ, ಅಂತಾರಾಷ್ಟ್ರೀಯ ಯಾನದ ಹಡಗುಗಳಿಗೆ ಇದು ಕಡ್ಡಾಯ. ಸಣ್ಣ ದೋಣಿಗಳಿಗೆ 'ಕ್ಲಾಸ್ ಬಿ' ಅನ್ನೋ ಪುಟ್ಟ ಸಾಧನ ಇದೆ. ಬರೀ 2 ವ್ಯಾಟ್ ಶಕ್ತಿಯದು, ದೋಣಿ ಸಾಗುತ್ತಿರುವಾಗ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ "ನಾನಿಲ್ಲಿದ್ದೀನಿ" ಅನ್ನುತ್ತೆ. ಇದರ ದೊಡ್ಡ ಗುಣ ಏನಂದರೆ, ಅದು ಮಾತಾಡೋದು ನೇರವಾಗಿ ಎದುರಿನ ಹಡಗಿನ ಬ್ರಿಡ್ಜ್ ಜೊತೆ. ಅಲೆಗಳ ಗದ್ದಲದಲ್ಲಿ ಅಳಿಸಿಹೋಗಲ್ಲ. ಬೋಟಿನವರಿಗೂ ಹಡಗು ಬರೋದು ಮೊದಲೇ ಗೊತ್ತಾಗುತ್ತೆ. ಇಂಜಿನ್ ಸದ್ದಿನಲ್ಲಿ ಹಿಂದಿನಿಂದ ಬರುವ ಹಡಗು ಕೇಳಿಸದ ತಾಂಡೇಲನಿಗೆ ಅದು ಸಣ್ಣ ವಿಷಯ ಅಲ್ಲ.

ನಾವು ಮಾಡಿದ್ದೇನು? 2008ರ ಮುಂಬೈ ದಾಳಿಯ ಉಗ್ರರು 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ ಬಂದರು. ಅಲ್ಲಿಂದಾಚೆ ಸರ್ಕಾರದ ಕಣ್ಣಿಗೆ ಪ್ರತಿ ಬೋಟೂ ಒಂದು ಸಂಭಾವ್ಯ ಅಪಾಯವಾಯಿತು. ಬೋಟಿಗೆ ಬಣ್ಣದ ಗುರುತು, ಮೀನುಗಾರನಿಗೆ ಬಯೋಮೆಟ್ರಿಕ್ ಕಾರ್ಡ್, 20 ಮೀಟರಿಗಿಂತ ದೊಡ್ಡ ಬೋಟಿಗೆ ಎಐಎಸ್ ಬಂತು. ಉಳಿದ ಸಣ್ಣ ಬೋಟುಗಳಿಗಾಗಿ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಸುಮಾರು 360 ಕೋಟಿ ರೂಪಾಯಿಯ ಯೋಜನೆಗೆ ಚಾಲನೆ ಕೊಟ್ಟರು. ಇಸ್ರೋ ಅಭಿವೃದ್ಧಿಪಡಿಸಿದ 1 ಲಕ್ಷ ಟ್ರಾನ್ಸ್‌ಪಾಂಡರ್‌ಗಳನ್ನು 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬೋಟುಗಳಿಗೆ ಹಾಕೋದು ಗುರಿ. ಒಟ್ಟು ಖರ್ಚನ್ನು ಭಾಗಿಸಿದರೆ ಬೋಟಿಗೆ 36 ಸಾವಿರ ರೂಪಾಯಿ.

ಈ ಸಾಧನವನ್ನು ನಾನು ಹೀಗಳೆಯುತ್ತಿಲ್ಲ. ಇದು ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಕಳಿಸುತ್ತೆ. ಚಂಡಮಾರುತದ ಎಚ್ಚರಿಕೆ, ಗಡಿ ದಾಟುವ ಮುನ್ನ ಸೂಚನೆ, ಅಪಾಯದಲ್ಲಿ ಸಹಾಯದ ಕರೆ ಎಲ್ಲ ಇದೆ. 2017ರ ಓಖಿ ಚಂಡಮಾರುತದಲ್ಲಿ ಎಚ್ಚರಿಕೆ ತಲುಪದೆ ಎಷ್ಟು ಮೀನುಗಾರರು ಹೋದರು ಅಂತ ನೆನೆದರೆ ಇದು ಬೇಕೇ ಬೇಕಿತ್ತು ಅನ್ನಿಸುತ್ತೆ.

ಆದರೆ ಸಂದೇಶ ಹೋಗೋದು ಎಲ್ಲಿಗೆ ನೋಡಿ. ಬೋಟಿನಿಂದ ಉಪಗ್ರಹಕ್ಕೆ, ಉಪಗ್ರಹದಿಂದ ದಡದ ನಿಯಂತ್ರಣ ಕೊಠಡಿಗೆ. 3 ಮೈಲಿ ಆಚೆಯಿಂದ ಬರುತ್ತಿರುವ ಸಿಂಗಾಪುರದ ಅಥವಾ ಪನಾಮದ ಹಡಗಿನಲ್ಲಿ ಆ ಉಪಗ್ರಹದ ಮಾತು ಕೇಳುವ ಯಂತ್ರ ಇಲ್ಲ. ಅದು ಕೇಳೋದು ವಿಎಚ್ಎಫ್‌ನ ಎಐಎಸ್ ಮಾತ್ರ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಬೋಟು ಮಿನುಗುತ್ತಿರುತ್ತೆ, ಬ್ರಿಡ್ಜ್‌ನ ಪರದೆ ಖಾಲಿ ಇರುತ್ತೆ. ಡಿಕ್ಕಿಯಾದ ಮೇಲೆ ಬೋಟು ಎಲ್ಲಿ ಮುಳುಗಿತು ಅಂತ ಹುಡುಕೋಕೆ ಈ ಯೋಜನೆ ಚೆನ್ನಾಗಿ ನೆರವಾಗುತ್ತೆ. ಡಿಕ್ಕಿಯಾಗದ ಹಾಗೆ ನೋಡಿಕೊಳ್ಳೋಕೆ ಅಲ್ಲ.

ಇದು ತಾಂತ್ರಿಕ ತಪ್ಪು ಅನ್ನೋದಕ್ಕಿಂತ ರಾಜಕೀಯ ಆಯ್ಕೆ ಅನ್ನೋದು ಸರಿ. ಬೋಟು ಪ್ರಭುತ್ವಕ್ಕೆ ಕಾಣಬೇಕು ಅನ್ನೋದು ಆದ್ಯತೆಯಾಯಿತು. ಹಡಗಿಗೆ ಕಾಣಬೇಕು ಅನ್ನೋದು ಮೀನುಗಾರನ ಸ್ವಂತ ತಲೆನೋವಾಗಿ ಉಳಿಯಿತು.

ಮಲ್ಪೆಗೆ ಇದು ಹೊಸ ಮಾತಲ್ಲ

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮೀನುಗಾರರ ಸಮೇತ ಕಣ್ಮರೆಯಾಯಿತು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಏನಾಯಿತು ಅನ್ನೋದರ ಬಗ್ಗೆ ಕರಾವಳಿಯಲ್ಲಿ ಇವತ್ತಿಗೂ ಒಮ್ಮತವಿಲ್ಲ. 2024ರ ನವೆಂಬರ್ 21ರಂದು ಗೋವಾ ತೀರದಿಂದ ಸುಮಾರು 70 ನಾಟಿಕಲ್ ಮೈಲು ಆಚೆ ನೌಕಾಪಡೆಯ ಜಲಾಂತರ್ಗಾಮಿಗೂ 'ಮಾರ್ಥೋಮಾ' ಬೋಟಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 13 ಜನರಲ್ಲಿ 11 ಜನರನ್ನು ರಕ್ಷಿಸಲಾಯಿತು.

ಇದರ ನಡುವೆ 2020ರ ಆಗಸ್ಟ್ 1ರಿಂದ ನೈಋತ್ಯ ಕರಾವಳಿಯಲ್ಲಿ ವಾಣಿಜ್ಯ ಹಡಗುಗಳಿಗೂ ಮೀನುಗಾರಿಕಾ ಬೋಟುಗಳಿಗೂ ಪ್ರತ್ಯೇಕ ದಾರಿ ಅಂತ ಕೇಂದ್ರ ಸರ್ಕಾರ ಘೋಷಿಸಿತ್ತು. ಒಳ್ಳೆಯ ಕ್ರಮವೇ. ಆದರೆ ಎಂಟೂವರೆ ತಿಂಗಳಲ್ಲಿ ರಬಾಹ್ ದುರಂತ ಆಯಿತು. ನಕ್ಷೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಮೀನು ಗೆರೆಯ ಈಚೆ ಉಳಿಯಲ್ಲ. ಮೀನು ಹೋದಲ್ಲಿಗೆ ಬೋಟು ಹೋಗುತ್ತೆ.

ಕಾನೂನಿನ ವಿಚಾರವೂ ಇದೆ. ಬಲೆ ಹಾಕಿ ಮೀನು ಹಿಡಿಯುತ್ತಿರುವ ಬೋಟಿಗೆ ಇಂಜಿನ್ ಹಡಗು ದಾರಿ ಬಿಡಬೇಕು ಅನ್ನೋದು ಸಮುದ್ರದ ಸಾಮಾನ್ಯ ನಿಯಮ. ಆದರೆ 12 ಮೈಲಿಯ ಪ್ರಾದೇಶಿಕ ಸಮುದ್ರದ ಆಚೆ ಡಿಕ್ಕಿಯಾದರೆ, ಹಡಗಿನ ಕ್ಯಾಪ್ಟನ್ ಮೇಲೆ ಕ್ರಿಮಿನಲ್ ಕ್ರಮದ ಅಧಿಕಾರ ಹಡಗಿನ ಧ್ವಜದ ದೇಶಕ್ಕೆ ಅಥವಾ ಆ ಅಧಿಕಾರಿಯ ಸ್ವಂತ ದೇಶಕ್ಕೆ ಅನ್ನುತ್ತೆ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 97ನೇ ವಿಧಿ. 43 ಮೈಲಿ ದೂರದಲ್ಲಿ ಸತ್ತ ಕಲಾಸಿಯ ಹೆಂಡತಿ ಯಾವ ದೇಶದ ಬಾಗಿಲು ತಟ್ಟಬೇಕು? ನ್ಯಾಯ ಸಿಗೋದು ಇಷ್ಟು ಕಷ್ಟ ಅಂತಾದ ಮೇಲೆ ಡಿಕ್ಕಿ ತಪ್ಪಿಸೋದರ ಬೆಲೆ ಇನ್ನೂ ಹೆಚ್ಚಾಗುತ್ತೆ.

ನಮ್ಮವರ ಕಡೆಯಿಂದಲೂ ಒಂದು ಮಾತು

ಎಐಎಸ್ ಕೊಟ್ಟರೂ ಕೆಲವರು ಆಫ್ ಮಾಡುತ್ತಾರೆ. ಕಾರಣ ಸರಳ: ಒಳ್ಳೆ ಮೀನು ಸಿಗುವ ಜಾಗ ಪಕ್ಕದ ಬೋಟಿನವನಿಗೆ ಯಾಕೆ ತೋರಿಸಬೇಕು? ಇನ್ನು ನಿಷೇಧವಿರುವ ಬೆಳಕು ಮೀನುಗಾರಿಕೆ ಮಾಡುವವನಿಗೆ ಕಾಣದೆ ಇರೋದೇ ಲಾಭ. ಬಂಡವಾಳ ಹಾಕಿದ ಮಾಲೀಕ ದಡದಲ್ಲಿ ಕೂತು ಈ ನಿರ್ಧಾರ ಮಾಡುತ್ತಾನೆ, ಅದರ ಬೆಲೆ ಕೊಡೋದು ಡೆಕ್ಕಿನ ಮೇಲೆ ಮಲಗಿರುವ ಕಲಾಸಿ. ದಿನಗಟ್ಟಲೆ ದುಡಿದ ದಣಿವಿನಲ್ಲಿ ಎಲ್ಲರೂ ನಿದ್ದೆ ಹೋಗಿ ಬೋಟನ್ನು ಅಲೆಗೆ ಬಿಡೋದೂ ಇದೆ. ಹಡಗಿನ ಕಡೆ ಬೆರಳು ತೋರಿಸುವಾಗ ಇದನ್ನು ಮುಚ್ಚಿಡಬಾರದು. ಮೀನುಗಾರ ಸಂಘಟನೆಗಳು ಮಾಲೀಕರ ದನಿಯಷ್ಟೇ ಆಗದೆ ಕಲಾಸಿಗಳ ದನಿಯೂ ಆದರೆ ಈ ಮಾತು ಒಳಗಿನಿಂದಲೇ ಬರುತ್ತೆ.

ಹಾಗಾದರೆ ಏನು ಕೇಳಬೇಕು?

ಒಂದು, ಟ್ರಾನ್ಸ್‌ಪಾಂಡರ್ ಜೊತೆಗೇ ಸಣ್ಣ ಬೋಟುಗಳಿಗೂ ಕ್ಲಾಸ್ ಬಿ ಎಐಎಸ್ ಸಬ್ಸಿಡಿಯಲ್ಲಿ ಸಿಗಬೇಕು. ರಾಜ್ಯ ಸರ್ಕಾರ ಡೀಸೆಲ್ ಸಬ್ಸಿಡಿ ಕೊಡುತ್ತೆ, ಆ ಡೀಸೆಲ್‌ನಲ್ಲಿ ಹೋದವರು ವಾಪಸ್ ಬರೋದಕ್ಕೂ ಒಂದಿಷ್ಟು ಕೊಡಲಿ.

ಎರಡು, ಸರಿಯಾದ ಅಳತೆಯ ರಾಡಾರ್ ಪ್ರತಿಫಲಕ ಪ್ರತಿ ಮರದ, ಫೈಬರ್ ಬೋಟಿನ ಮೇಲೂ ಇರಬೇಕು. ಇದಕ್ಕೆ ಇಸ್ರೋ ಬೇಕಾಗಿಲ್ಲ. ಕರಾವಳಿಯ ಐಟಿಐಗಳಲ್ಲೇ ಮಾಡಬಹುದು. ಬ್ಯಾಟರಿ ಬೇಡ, ರೀಚಾರ್ಜ್ ಬೇಡ.

ಮೂರು, ಪ್ರತಿವರ್ಷ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಬಂದರಿನಲ್ಲೇ ಇರುತ್ತವೆ. ದೀಪಗಳ ತಪಾಸಣೆ, ವಿಎಚ್ಎಫ್ 16ನೇ ಚಾನೆಲ್‌ನಲ್ಲಿ ಹಡಗನ್ನು ಕರೆಯುವ ತರಬೇತಿ ಎಲ್ಲ ಆಗ ನಡೆಯಲಿ. ತುಳು, ಕೊಂಕಣಿ, ಕನ್ನಡದಲ್ಲಿ ಮಾತ್ರ ಅಲ್ಲ, ತಮಿಳು, ಬಂಗಾಳಿ, ಒಡಿಯಾದಲ್ಲೂ ಆಗಲಿ. ಇವತ್ತು ಬೋಟಿನಲ್ಲಿ ಯಾರು ದುಡಿಯುತ್ತಿದ್ದಾರೆ ಅಂತ ಒಮ್ಮೆ ನೋಡಿದರೆ ಇದು ಯಾಕೆ ಅಂತ ತಿಳಿಯುತ್ತೆ.

ನಾಲ್ಕು, ಪ್ರತಿ ಡಿಕ್ಕಿಯ ತನಿಖಾ ವರದಿಯೂ ಸಾರ್ವಜನಿಕವಾಗಬೇಕು, ಬಂದರಿನ ಜನ ಓದುವ ಭಾಷೆಯಲ್ಲಿ. ಊಝೋದ ಮೂವರ ಸಾವಿನಿಂದ ಜಗತ್ತಿನ ಹಾಯಿದೋಣಿಯವರು ಪಾಠ ಕಲಿತರು. ರಬಾಹ್‌ನ ಜನರ ಸಾವಿನಿಂದ ಮಲ್ಪೆಯ, ಮಂಗಳೂರಿನ, ಕಾರವಾರದ ತಾಂಡೇಲರಿಗೆ ಏನು ಪಾಠ ತಲುಪಿತು? ಈ ಪ್ರಶ್ನೆಯನ್ನು ಕರಾವಳಿಯ ಸಂಸದರಿಗೆ, ಮೀನುಗಾರಿಕಾ ಸಚಿವರಿಗೆ ಕೇಳಬೇಕು. ಚುನಾವಣೆ ಬಂದಾಗ ಮೀನುಗಾರರ ಜೊತೆ ಬೋಟಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಎಲ್ಲ ಪಕ್ಷದವರಿಗೂ ಕೇಳಬೇಕು.

ಮಳೆಗಾಲದ ರಜೆ ಮುಗಿದು ಪ್ರತಿ ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಅವು ಎಲ್ಲಿವೆ ಅಂತ ದಡದಲ್ಲಿ ಕೂತ ಅಧಿಕಾರಿಗೆ ಗೊತ್ತಿರುತ್ತೆ. ಎದುರಿನಿಂದ ಬರುತ್ತಿರುವ ಹಡಗಿಗೂ ಗೊತ್ತಿರಬೇಕು. ಮೀನುಗಾರನ ಮನೆಯವರು ಕೇಳುತ್ತಿರೋದು ಇಷ್ಟೇ.